ಕಮ್ಯುನಿಟಿ ಕಾಲೇಜಿನಲ್ಲಿ ಫಿಸಿಕಲ್ ಸೈನ್ಸ್ ಓದಿದರೆ ಮುಂದೆ ಯೂನಿವರ್ಸಿಟಿಗೆ ಹೋಗಬಹುದಾ?

ಹೋಗಬಹುದು. ಎರಡು ವರ್ಷ ಓದಿ, ಅಲ್ಲಿಂದ ಯೂನಿವರ್ಸಿಟಿಗೆ ವರ್ಗವಾಗಬಹುದಾದ ಕಾಲೇಜು ಅದು. ನಾನೇ ಹಾಗೆ ಹೋದವಳು. ಆದರೆ ಎರಡು ವರ್ಷದ ಓದಿಗೆ ನನಗೆ ಮೂರು ವರ್ಷ ಹಿಡಿಯಿತು. ಯಾಕೆ ಅಂತ ಹೇಳುತ್ತೇನೆ, ನೀವೂ ಕ್ಯಾಲಿಫೋರ್ನಿಯಾದಲ್ಲೇ ಇದ್ದು, ಮಗು ನೋಡಿಕೊಂಡು ಓದಬೇಕು ಅಂತ ಬರೆದಿದ್ದೀರಲ್ವಾ.

ದಾವಣಗೆರೆಯಲ್ಲಿ ಪಿಯುಸಿ ಸೈನ್ಸ್ ಮುಗಿಸಿದ್ದೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮನೆ ಹತ್ತಿರದ ಕಮ್ಯುನಿಟಿ ಕಾಲೇಜು ಸೇರಿದೆ. ಫಿಸಿಕಲ್ ಸೈನ್ಸ್ ಅನ್ನುವುದು ಒಂದು ದೊಡ್ಡ ಬುಟ್ಟಿ. ಫಿಸಿಕ್ಸ್, ಕೆಮಿಸ್ಟ್ರಿ, ಜಿಯಾಲಜಿ, ಆಸ್ಟ್ರಾನಮಿ ಎಲ್ಲ ಅದರೊಳಗೇ. ನಾನು ಎಡವಿದ್ದು ಫಿಸಿಕ್ಸಿನಲ್ಲಿ. ಅದರಲ್ಲೇ ಎರಡು ದಾರಿ ಇವೆ. ಒಂದು ಬರೀ ಆಲ್ಜಿಬ್ರಾ ಸಾಕಾಗುವ ಫಿಸಿಕ್ಸ್, ಹೆಚ್ಚಾಗಿ ಬಯಾಲಜಿ ಕಡೆ ಹೋಗುವವರಿಗೆ. ಇನ್ನೊಂದು ಕ್ಯಾಲ್ಕುಲಸ್ ಬಳಸುವುದು, ಇಂಜಿನಿಯರಿಂಗ್ ಮತ್ತು ಫಿಸಿಕ್ಸ್ ಮೇಜರ್‌ಗೆ, ಅಂದರೆ ಅದನ್ನೇ ಮುಖ್ಯ ವಿಷಯವಾಗಿ ಓದುವವರಿಗೆ. ಕಾಲೇಜಿನ ಸಲಹೆಗಾರರನ್ನು ಕೇಳಿದಾಗ "ಡಿಗ್ರಿಗೆ ಯಾವುದಾದರೂ ನಡೆಯುತ್ತದೆ" ಅಂದರು. ಸುಲಭದ್ದು ತಗೊಂಡೆ. ಅವರು ಹೇಳಿದ್ದು ಸುಳ್ಳಲ್ಲ, ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಡಿಗ್ರಿಗೆ ನಡೆಯಿತು. ಯೂನಿವರ್ಸಿಟಿಯ ಫಿಸಿಕ್ಸ್ ಮೇಜರ್‌ಗೆ ನಡೆಯಲಿಲ್ಲ. ಕ್ಯಾಲ್ಕುಲಸ್ ಫಿಸಿಕ್ಸ್ ಮೊದಲಿನಿಂದ ತಗೊಳ್ಳಬೇಕಾಯಿತು. ನಮ್ಮ ಕಾಲೇಜಿನಲ್ಲಿ ಅದು ಒಂದಾದ ಮೇಲೊಂದು ಮೂರು ಕೋರ್ಸ್. ಹಿಂದಿನದು ಪಾಸಾಗದೆ ಮುಂದಿನದಕ್ಕೆ ಸೇರಿಸುವುದಿಲ್ಲ. ಹೀಗೆ ಒಂದು ವರ್ಷ ಹೋಯಿತು.

ಹಾಗಾಗಿ ಡಿಗ್ರಿಯ ಹೆಸರು ಏನು ಅಂತ ತಲೆ ಕೆಡಿಸಿಕೊಳ್ಳಬೇಡಿ. 'ಅಸಿಸ್ಟ್' ಅಂತ ಒಂದು ಉಚಿತ ವೆಬ್‌ಸೈಟ್ ಇದೆ. ನಿಮ್ಮ ಕಾಲೇಜಿನ ಯಾವ ಕೋರ್ಸ್ ಯೂಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಅಥವಾ ಕ್ಯಾಲ್ ಸ್ಟೇಟ್‌ನ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಯಾವ ಕೋರ್ಸಿಗೆ ಸಮ ಅಂತ ಅದು ತೋರಿಸುತ್ತದೆ. ಹೋಗಬೇಕಾದ ಮೇಜರ್ ಮೊದಲು ಹುಡುಕಿ, ಅಲ್ಲಿಂದ ಹಿಂದಕ್ಕೆ ಬನ್ನಿ.

ಪಿಯುಸಿ ಆಗಿ ಎಂಟು ವರ್ಷವಾಯಿತು, ಲ್ಯಾಬ್ ಅಂದರೆ ಭಯ ಅಂತ ಬರೆದಿದ್ದೀರಿ. ನನಗೂ ಇತ್ತು. ನಮ್ಮ ಪ್ರಾಕ್ಟಿಕಲ್ ರೆಕಾರ್ಡ್ ಕಥೆ ಗೊತ್ತಲ್ಲ, ಸೀನಿಯರ್ ಪುಸ್ತಕ ನೋಡಿ ಬರೆದದ್ದು. ಲೋಲಕದ ಪ್ರಯೋಗದಲ್ಲಿ ಗುರುತ್ವದ ಬೆಲೆ (g) ಎಲ್ಲರಿಗೂ 9.8 ಬರುತ್ತಿತ್ತು! ಇಲ್ಲಿ ನನಗೆ 9.5 ಬಂತು. ತಿದ್ದಿ ಬರೆಯೋಣ ಅಂತ ರಬ್ಬರ್ ಕೈಗೆತ್ತಿಕೊಂಡಿದ್ದೆ. ಮೇಷ್ಟ್ರು ಬಂದು, "ಅಳಿಸಬೇಡಿ, ಯಾಕೆ ಹೀಗಾಯಿತು ಹುಡುಕಿ" ಅಂದರು. ಅರ್ಧ ಗಂಟೆ ತಿಣುಕಿದೆ. ದಾರದ 50 ಸೆಂಟಿಮೀಟರ್ ಮಾತ್ರ ಅಳೆದಿದ್ದೆ. ಗುಂಡಿನ ಮಧ್ಯದವರೆಗೆ ಅಳೆಯಬೇಕಿತ್ತು, ಒಂದೂವರೆ ಸೆಂಟಿಮೀಟರ್ ಬಿಟ್ಟುಹೋಗಿತ್ತು. ಅದನ್ನೇ ರಿಪೋರ್ಟ್‌ನಲ್ಲಿ ಬರೆದೆ, ಪೂರ್ತಿ ಅಂಕ ಬಂತು. ಲ್ಯಾಬಿನಲ್ಲೂ ಮೇಷ್ಟ್ರೇ ಇರುತ್ತಿದ್ದರು, ಆಫೀಸ್ ಅವರ್‌ಗೆ, ಅಂದರೆ ವಿದ್ಯಾರ್ಥಿಗಳ ಪ್ರಶ್ನೆಗೇ ಅವರು ಮೀಸಲಿಟ್ಟ ಹೊತ್ತಿಗೆ, ಹೋದರೆ ಕೂರಿಸಿ ಹೇಳಿಕೊಡುತ್ತಿದ್ದರು. ಯೂನಿವರ್ಸಿಟಿಯ ದೊಡ್ಡ ಕ್ಲಾಸಿಗೆ ಹೋದ ಮೇಲೆ ಅದರ ಬೆಲೆ ಗೊತ್ತಾಯಿತು.

ಖರ್ಚು: ಕ್ಯಾಲಿಫೋರ್ನಿಯಾ ನಿವಾಸಿ ಅಂತ ಕಾಲೇಜು ಒಪ್ಪಿದರೆ ಯೂನಿಟ್ಟಿಗೆ 46 ಡಾಲರ್ (ಯೂನಿಟ್ ಅಂದರೆ ಕೋರ್ಸ್ ಎಷ್ಟು ದೊಡ್ಡದು ಅಂತ ಅಳೆಯುವ ಲೆಕ್ಕ). ಇಲ್ಲದಿದ್ದರೆ ಅದರ ಹಲವು ಪಟ್ಟು, ಸೇರುವ ಮುಂಚೆ ವೀಸಾ ಕಾಗದ ತೋರಿಸಿ ಕೇಳಿ. ಯೂಸಿಗೆ ವರ್ಗವಾಗಲು 60 ಸೆಮಿಸ್ಟರ್ ಯೂನಿಟ್ ಬೇಕು. ಡೇವಿಸ್, ಸಾಂತಾ ಕ್ರೂಜ್ ಸೇರಿ ಆರು ಯೂಸಿಗಳು ಷರತ್ತು ಪೂರೈಸಿದವರಿಗೆ ಸೀಟಿನ ಖಾತ್ರಿ ಕೊಡುತ್ತವೆ. ಆದರೆ ಎಲ್ಲ ಮೇಜರ್‌ಗೂ ಅಲ್ಲ. ಬರ್ಕ್ಲಿ, ಯೂಸಿಎಲ್‌ಎ ಆ ಪಟ್ಟಿಯಲ್ಲಿಲ್ಲ.

ಮೊದಲ ಸೆಮಿಸ್ಟರಿಗೆ ಗಣಿತ ಮತ್ತು ಜನರಲ್ ಕೆಮಿಸ್ಟ್ರಿ ಸಾಕು. ಮನೆ, ಮಗು ನೋಡಿಕೊಂಡು ಮೂರು ಲ್ಯಾಬ್ ಒಟ್ಟಿಗೆ ಹಾಕಿಕೊಳ್ಳಬೇಡಿ. ನಾನು ಹಾಕಿಕೊಂಡು, ನಾಲ್ಕನೇ ವಾರ ಒಂದನ್ನು ಬಿಟ್ಟೆ.