ಇಂಗ್ಲಿಷಿನ 'ಗ್ರಾಗಿ' ಅನ್ನೋ ಪದ ಎಲ್ಲಿಂದ ಬಂತು? ಕುಡಿತಕ್ಕೂ ಅದಕ್ಕೂ ಏನ್ ಸಂಬಂಧ?

ಈಗ 'ಗ್ರಾಗಿ' ಅಂದ್ರೆ ತಲೆ ಭಾರ, ಮಂಪರು, ಕಾಲು ನೆಲಕ್ಕೆ ಸರಿಯಾಗಿ ಊರಲ್ಲ ಅನ್ನೋ ಸ್ಥಿತಿ, ನೆಗಡಿ ಮಾತ್ರೆ ತಗೊಂಡು ಆಗುಂಬೆ ಘಾಟಿ ಬಸ್ಸಲ್ಲಿ ಕೂತವರಿಗೆ ಬೇರೆ ವಿವರಣೆ ಬೇಡ. ಆದ್ರೆ ಮೊದಲು ಇದಕ್ಕೆ ಇದ್ದಿದ್ದು ಒಂದೇ ಅರ್ಥ, ಕುಡಿದು ಟೈಟ್ ಆಗಿರೋದು.

ಕಥೆ ಶುರುವಾಗೋದು ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಎಡ್ವರ್ಡ್ ವರ್ನನ್ ಇಂದ. ಈತ 'ಗ್ರಾಗ್ರಮ್' ಅನ್ನೋ ಒರಟು ಬಟ್ಟೆಯ ನಿಲುವಂಗಿ ಹಾಕ್ತಿದ್ದ, ರೇಷ್ಮೆ ಉಣ್ಣೆ ಎಲ್ಲ ಬೆರೆಸಿ ನೇಯ್ದಿದ್ದು, ನಮ್ಮ ಕಡೆ ಮಳೆಗಾಲದಲ್ಲಿ ಗದ್ದೆಗೆ ಹೊದ್ಕೊಂಡು ಹೋಗೋ ಕಂಬಳಿ ಕೊಪ್ಪೆ ಥರ ದಪ್ಪ ಅನ್ಕೊಳಿ, ಅದಕ್ಕೇ ನಾವಿಕರು 'ಓಲ್ಡ್ ಗ್ರಾಗ್' ಅಂತ ಅಡ್ಡಹೆಸರು ಇಟ್ರು. ಆಗ ಹಡಗಲ್ಲಿ ದಿನಾ ಒಬ್ಬೊಬ್ಬನಿಗೂ ಅರ್ಧ ಪಿಂಟ್ (ಹತ್ತತ್ರ ಕಾಲು ಲೀಟರ್) ರಮ್ ಕೊಡ್ತಿದ್ರು, ಅವರು ನೀರೂ ಹಾಕ್ದೆ ಒಂದೇ ಗುಟುಕಿಗೆ ಎತ್ತಿ ಡೆಕ್ ಮೇಲೆ ಬೀಳೋರು. 1740ರ ಆಗಸ್ಟ್‌ನಲ್ಲಿ ವರ್ನನ್ ಆರ್ಡರ್ ಮಾಡ್ದ, ಒಂದು ಪಾಲು ರಮ್‌ಗೆ ನಾಲ್ಕು ಪಾಲು ನೀರು, ಅದೂ ದಿನಕ್ಕೆ ಎರಡು ಸಲ ಹಂಚಿ ಕೊಡಿ ಅಂತ. ಬೇಕಾದ್ರೆ ಸಕ್ಕರೆ, ನಿಂಬೆ ನೀವೇ ಕೊಂಡು ಹಾಕ್ಕೊಳಿ ಅಂದ, ಪಾಪ ಅಷ್ಟು ಕರುಣೆ ಇತ್ತು!

ಈ ನೀರು ರಮ್ಮಿಗೆ 'ಗ್ರಾಗ್' ಅಂತ ಹೆಸರು ಬಿತ್ತು, ಅದನ್ನ ಕುಡಿದು ತೂರಾಡೋನು 'ಗ್ರಾಗಿ'. ಆಮೇಲೆ ಏಟು ತಿಂದು ತೂರಾಡೋ ಬಾಕ್ಸರ್‌ಗೂ, ನಿದ್ದೆಗಣ್ಣಲ್ಲಿ ಎದ್ದೋರಿಗೂ ಅದೇ ಪದ ಅಂಟ್ಕೊಳ್ತು. ಬ್ರಿಟಿಷ್ ನೌಕಾಪಡೆ ರಮ್ ಕೊಡೋದು ನಿಲ್ಸಿದ್ದು 1970ರ ಜುಲೈ 31ಕ್ಕೆ.