ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡುವಾಗ ಕಂಡ ಜೀವಿಗಳನ್ನು ಗುರುತಿಸುವುದು ಹೇಗೆ?

ಹೋದ ಸಲ ಕಂಡದ್ದೆಲ್ಲ "ಬಣ್ಣದ ಮೀನು, ಮುಳ್ಳಿನ ಉಂಡೆ" ಅಂತಷ್ಟೇ ನೆನಪಿದೆ, ಈ ಸಲ ಹೆಸರು ಹಿಡಿದು ಗುರುತಿಸಬೇಕು ಅಂತ ಬರೆದಿದ್ದೀರಿ. ನೀವು ಸಿಂಧನೂರಿನವರು, ನಾನು ಗಂಗಾವತಿಯವನು. ಇಬ್ಬರೂ ತುಂಗಭದ್ರಾ ಡ್ಯಾಮಿನ ಎಡದಂಡೆ ಕಾಲುವೆ ನೀರಿನವರೇ. ನಾನು ನೋಡುವ ಕ್ರಮ ಹೇಳುತ್ತೇನೆ.

ಮೊದಲು ಬಣ್ಣ ಬಿಟ್ಟುಬಿಡಿ. ನೀರು ಎಲ್ಲಕ್ಕಿಂತ ಮುಂಚೆ ಕೆಂಪನ್ನೇ ನುಂಗುತ್ತದೆ. 10 ಮೀಟರ್ ಕೆಳಗೆ ಕೆಂಪು ಮೀನು ಕಂದಾಗಿಯೋ ಕಪ್ಪಾಗಿಯೋ ಕಾಣುತ್ತದೆ, ಟಾರ್ಚ್ ಬಿಟ್ಟರೆ ಮಾತ್ರ ನಿಜ ಗೊತ್ತಾಗುತ್ತದೆ. ಪ್ಯಾರಟ್ ಫಿಶ್ ಅಂತೂ ಮರಿಯಾಗಿದ್ದಾಗ ಒಂದು ಬಣ್ಣ, ಬೆಳೆದ ಮೇಲೆ ಇನ್ನೊಂದು, ಹೆಣ್ಣು ಗಂಡಾದಾಗ ಮತ್ತೊಂದು. ಬಣ್ಣ ನಂಬಿದರೆ ಒಂದೇ ಮೀನಿಗೆ ಮೂರು ಹೆಸರು ಬರೆದುಕೊಂಡು ಬರುತ್ತೀರಿ.

ಬಾಯಿ ನೋಡಿ. ಇದನ್ನು ಕಲಿಯಲು ಸಮುದ್ರವೇ ಬೇಕಿಲ್ಲ. ಡ್ಯಾಮಿನ ಮೀನು ಮಾರುವ ಕಡೆ ಸ್ವಲ್ಪ ಹೊತ್ತು ನಿಲ್ಲಿ. ಕಾಟ್ಲಾದ ಬಾಯಿ ಮೇಲಕ್ಕೆ ತಿರುಗಿರುತ್ತದೆ, ಅದು ಮೇಲಿನ ನೀರಲ್ಲಿ ಮೇಯುವ ಮೀನು. ಮೃಗಾಲ್‌ನ ಬಾಯಿ ಕೆಳಕ್ಕೆ, ಅದು ತಳದಲ್ಲಿ ತಿನ್ನುತ್ತದೆ. ಹವಳದ ಮೀನುಗಳಿಗೂ ಇದೇ ಲೆಕ್ಕ. ಕ್ಲೀನರ್ ರಾಸ್ ಎಂಬ ಪುಟ್ಟ ಮೀನು ದೊಡ್ಡ ಮೀನುಗಳ ಮೈಮೇಲಿನ ಪರಾವಲಂಬಿಗಳನ್ನು ತಿಂದು ಚೊಕ್ಕ ಮಾಡುತ್ತದೆ. ಅದರದೇ ನೀಲಿ-ಕಪ್ಪು ಪಟ್ಟೆ ಹೊದ್ದ ಒಂದು ಬ್ಲೆನಿ ಮೀನು ಹತ್ತಿರ ಬಂದು ರೆಕ್ಕೆ ಕಚ್ಚಿ ಓಡುತ್ತದೆ! ಬಣ್ಣದಲ್ಲಿ ಎರಡೂ ಒಂದೇ. ರಾಸ್‌ನ ಬಾಯಿ ಮೂತಿಯ ತುದಿಯಲ್ಲಿದ್ದರೆ, ಈ ಕಳ್ಳನ ಬಾಯಿ ಮೂತಿಯ ಕೆಳಗಿರುತ್ತದೆ.

ಆಮೇಲೆ ಈಜುವ ರೀತಿ. ಪ್ಯಾರಟ್ ಫಿಶ್ ಪಕ್ಕದ ರೆಕ್ಕೆ ಬಡಿದು ಸಾಗುತ್ತದೆ. ಟ್ರಿಗರ್ ಫಿಶ್ ಬೆನ್ನಿನ ಮತ್ತು ಹೊಟ್ಟೆಯ ಕಡೆಯ ರೆಕ್ಕೆ ಅಲೆಯಾಡಿಸುತ್ತದೆ. ಬಟರ್‌ಫ್ಲೈ ಫಿಶ್ ಮತ್ತು ಏಂಜೆಲ್ ಫಿಶ್ ಎರಡೂ ತಟ್ಟೆಯಂತೆ ಚಪ್ಪಟೆ, ಆದರೆ ಏಂಜೆಲ್‌ಗೆ ಕಿವಿರಿನ ಮುಚ್ಚಳದ ಕೆಳಮೂಲೆಯಲ್ಲಿ ಒಂದು ಮುಳ್ಳು ಇರುತ್ತದೆ. ಸರ್ಜನ್ ಫಿಶ್‌ಗೆ ಬಾಲದ ಬುಡದಲ್ಲಿ ಚೂಪಾದ ಅಲಗು. ಕುಟುಂಬ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಜಾತಿಯ ಹೆಸರಿಗೆ ಅವಸರ ಬೇಡ.

ನಕ್ಷತ್ರಮೀನಿನ ಬಳಗ ನನಗೆ ಜಾಸ್ತಿ ಇಷ್ಟ. ತುಂಗಭದ್ರೆಯನ್ನು ಪೂರ್ತಿ ಜಾಲಾಡಿದರೂ ಇವು ಒಂದೂ ಸಿಗುವುದಿಲ್ಲ, ಈ ಗುಂಪಿನಲ್ಲಿ ಸಿಹಿನೀರಿನ ಜಾತಿಯೇ ಇಲ್ಲ. ಇವುಗಳ ಗುರುತು ಐದು ಪಾಲಿನ ಮೈ. ತೋಳು ಅಗಲವಾಗಿ ಹೊಟ್ಟೆಗೇ ಸೇರಿಕೊಂಡಿದ್ದರೆ ಅದು ನಕ್ಷತ್ರಮೀನು. ನಡುವೆ ಬೇರೆಯಾಗಿ ಕಾಣುವ ದುಂಡು ಬಿಲ್ಲೆ, ಸುತ್ತ ಹಾವಿನ ಹಾಗೆ ಹೊರಳುವ ತೋಳು ಇದ್ದರೆ ಬ್ರಿಟಲ್ ಸ್ಟಾರ್. ಗರಿಯಂಥ ತೋಳು ಮೇಲಕ್ಕೆ ಹರಡಿ ಕೂತಿದ್ದರೆ ಫೆದರ್ ಸ್ಟಾರ್. ತೋಳೇ ಕಾಣದ ದಪ್ಪ ದಿಂಬು ಸಿಕ್ಕರೆ ಗಾಬರಿ ಬೇಡ, ಕುಶನ್ ಸ್ಟಾರ್ ಎಂಬ ನಕ್ಷತ್ರಮೀನೂ ಇದೆ. ಇದೇ ಬಳಗದ, ಸೌತೆಕಾಯಿಯಂಥ ಸೀ ಕುಕುಂಬರ್ ಮಗ್ಗುಲಾಗಿ ಮಲಗಿರುವುದರಿಂದ ಐದರ ಲೆಕ್ಕ ಕಾಣುವುದಿಲ್ಲ. ಅದಕ್ಕೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಕೈ ಹಚ್ಚಬೇಡಿ.

ನೀವು ಹೇಳಿದ ಮುಳ್ಳಿನ ಉಂಡೆಯೂ ಇದೇ ಬಳಗದ್ದು, ಹೆಸರು ಸೀ ಅರ್ಚಿನ್. ಅದರಲ್ಲಿ ಮುಳ್ಳಿನ ಉದ್ದ, ದಪ್ಪ ನೋಡಿ. ಉದ್ದ ಸಪೂರ ಕಪ್ಪು ಮುಳ್ಳು, ಮೇಲೆ ಐದು ಬಿಳಿ ಚುಕ್ಕೆ, ನಡುವೆ ಕಿತ್ತಳೆ ಉಂಗುರ ಇದ್ದರೆ ಅದು ಡಯಾಡೆಮಾ ಸೆಟೋಸಮ್. ಆ ಉಂಗುರ ಅದರ ಗುದದ್ವಾರದ ಸುತ್ತ ಇರುತ್ತದೆ, ಕಣ್ಣು ಅಂತ ತಿಳಿಯುವವರೇ ಹೆಚ್ಚು. ಮುಳ್ಳು ಗಿಡ್ಡ, ಮೈತುಂಬ ಹೂವು ಅರಳಿದ ಹಾಗಿದ್ದರೆ ದೂರ ಸರಿಯಿರಿ. ಅದು ಫ್ಲವರ್ ಅರ್ಚಿನ್, ವಿಷದ್ದು. ಇವೆಲ್ಲ ನೇತ್ರಾಣಿಯಲ್ಲೇ ಸಿಗುತ್ತವೆ ಅಂತಲ್ಲ, ನಾಳೆ ಅಂಡಮಾನಿಗೆ ಹೋದರೂ ಬೇಕಾಗುತ್ತದೆ.

ಕಾಲುವೆಯಲ್ಲಿ ಈಜು ಕಲಿತ ನಮಗೆ ಕಾಲು ಜೋರಾಗಿ ಬಡಿಯುವ ಅಭ್ಯಾಸ ಅಲ್ವಾ? ಅಲ್ಲಿ ಅದು ನಡೆಯದು. ಕಾಲಿಗೆ ಹಾಕುವ ಈಜುರೆಕ್ಕೆ (ಫಿನ್) ತಾಗಿದರೆ ಹವಳ ಮುರಿಯುತ್ತದೆ, ಕಾಲಿಗೆ ಮುಳ್ಳೂ ಚುಚ್ಚುತ್ತದೆ. ತೇಲುವ ಹಿಡಿತ ಬರುವವರೆಗೆ ಕ್ಯಾಮೆರಾ ಒಯ್ಯಬೇಡಿ. ಒಯ್ದರೆ ಮೀನನ್ನು ಪಕ್ಕದಿಂದ ತೆಗೆಯಿರಿ, ಬಾಯಿ, ರೆಕ್ಕೆ, ಬಾಲ ಮೂರೂ ಬರಬೇಕು. ನಕ್ಷತ್ರಮೀನು, ಅರ್ಚಿನ್‌ಗಳನ್ನು ನೇರ ಮೇಲಿನಿಂದ ತೆಗೆಯಿರಿ.