ರಾತ್ರಿಯ ಕೆರೆಯಲ್ಲಿ ಸೌರದೋಣಿ: ಬ್ಯಾಟರಿಯ ಲೆಕ್ಕ, ದೀಪದ ಜಾಗ

ಪ್ರಶ್ನೆ: ನಾನು ಚನ್ನಗಿರಿ ತಾಲ್ಲೂಕಿನವನು. 14 ಅಡಿ ಉದ್ದದ ಫೈಬರ್ ದೋಣಿಯೊಂದಕ್ಕೆ 200 ವ್ಯಾಟ್‌ನ ಎರಡು ಸೌರಫಲಕಗಳನ್ನು ಚಾವಣಿಯಂತೆ ಹೊದಿಸಿ, 12.8 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಫಾಸ್ಫೇಟ್ ಬ್ಯಾಟರಿಯನ್ನೂ 600 ವ್ಯಾಟ್ ಮೋಟಾರನ್ನೂ ಅಳವಡಿಸಿದ್ದೇನೆ. ಅನುಮತಿ ಪಡೆದು ಸೂಳೆಕೆರೆಯಲ್ಲಿ ಹಗಲು ಹೊತ್ತು ಓಡಿಸಿ ನೋಡಿದೆ. ಈಗ ಹುಣ್ಣಿಮೆಯ ರಾತ್ರಿ ಎರಡು ತಾಸು ಸುತ್ತಿ ಬರುವ ಆಸೆ. ಬೆಳದಿಂಗಳಿಗೆ ಫಲಕದಿಂದ ಅಷ್ಟಿಷ್ಟಾದರೂ ವಿದ್ಯುತ್ ಬರುವುದೇ? ಚಾವಣಿಯ ಕೆಳಗೆ ಎಲ್‌ಇಡಿ ಪಟ್ಟಿ ಅಂಟಿಸಿದ್ದೇನೆ. ಆ ಬೆಳಕು ಸಾಕೇ?

ಉತ್ತರ: ಮೊದಲು ಬೆಳದಿಂಗಳ ವಿಷಯ. ಹುಣ್ಣಿಮೆಯ ಚಂದ್ರನ ಬೆಳಕು ಸೂರ್ಯನ ಬೆಳಕಿನ ಸುಮಾರು 4 ಲಕ್ಷದಲ್ಲಿ ಒಂದು ಪಾಲಷ್ಟೇ ಇರುವುದರಿಂದ, ನಿಮ್ಮ 400 ವ್ಯಾಟ್ ಫಲಕಗಳಿಗೆ ಸಿಗುವುದು ಹೆಚ್ಚೆಂದರೆ ಒಂದು ವ್ಯಾಟ್‌ನ ಸಾವಿರದಲ್ಲೊಂದು ಭಾಗ. ಹೊತ್ತು ಮುಳುಗಿದ ಮೇಲೆ ನಿಮ್ಮದು ಸೌರದೋಣಿಯಲ್ಲ, ಬರಿಯ ಬ್ಯಾಟರಿ ದೋಣಿ. ಫಲಕಗಳು ಆಗ ಗಾಳಿಗೆ ಸಿಕ್ಕುವ ಹಾಯಿಯಾಗಬಲ್ಲವೇ ಹೊರತು ಬೇರೆ ಉಪಯೋಗಕ್ಕಿಲ್ಲ.

ಆದ್ದರಿಂದ ಲೆಕ್ಕವನ್ನು ದಡದಲ್ಲೇ ಮುಗಿಸಿಕೊಳ್ಳಬೇಕು. ನಿಮ್ಮ ಬ್ಯಾಟರಿ ತುಂಬಿದ್ದಾಗ ಅದರಲ್ಲಿರುವುದು 1,280 ವ್ಯಾಟ್-ಅವರ್. ತಳದ ಐದನೇ ಒಂದು ಪಾಲನ್ನು ಮುಟ್ಟದೆ ಬಿಟ್ಟರೆ ಕೈಗೆ ಸಿಗುವುದು ಸುಮಾರು ಒಂದು ಸಾವಿರ. ಅದರಲ್ಲಿ ಮೂರನೇ ಒಂದು ಪಾಲು ಹೋಗುವುದಕ್ಕೆ, ಇನ್ನೊಂದು ಪಾಲು ಬರುವುದಕ್ಕೆ, ಉಳಿದದ್ದು ಎದುರುಗಾಳಿಗೆ ಅಥವಾ ದಾರಿ ತಪ್ಪಿದ ಹೊತ್ತಿಗೆ ಮೀಸಲು. ಮೋಟಾರನ್ನು ಪೂರ್ತಿ ಬಿಟ್ಟರೆ ಹೋಗುವ ಪಾಲು ಅರ್ಧ ಗಂಟೆಗೇ ತೀರಿಹೋಗುತ್ತದೆ. ಆದರೆ ನೀರಿನಲ್ಲಿ ವೇಗ ಅರ್ಧವಾದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಎಂಟನೇ ಒಂದಕ್ಕೆ ಇಳಿಯುವುದರಿಂದ, ಅಷ್ಟೇ ದೂರವನ್ನು ನಿಧಾನವಾಗಿ ಕ್ರಮಿಸಿದಾಗ ಹೊತ್ತು ಎರಡರಷ್ಟಾದರೂ ಖರ್ಚು ಕಾಲುಭಾಗದ ಆಸುಪಾಸಿಗೆ ಬರುತ್ತದೆ. ಮೋಟಾರಿನ ಒಳನಷ್ಟಗಳಿಂದಾಗಿ ಇದು ಸ್ವಲ್ಪ ಹೆಚ್ಚಾದೀತು, ಆದರೂ ರಾತ್ರಿ ದೋಣಿಗೆ ಅರ್ಧ ವೇಗವೇ ಸರಿ. ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ, ಮರಳುವಾಗ ಗಾಳಿಯ ಬೆನ್ನಿಗೆ ಬನ್ನಿ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಕೆರೆಯಲ್ಲಿ ಗಾಳಿಯ ದಿಕ್ಕನ್ನು ಊಹಿಸಬಾರದು, ನೀರಿಗಿಳಿದೇ ಗಮನಿಸಬೇಕು.

ಇಲ್ಲಿ ಒಂದು ಮೋಸವಿದೆ. ಲಿಥಿಯಂ ಫಾಸ್ಫೇಟ್ ಬ್ಯಾಟರಿ ಮುಕ್ಕಾಲು ತುಂಬಿದ್ದಾಗಲೂ ಕಾಲುಭಾಗ ಉಳಿದಿದ್ದಾಗಲೂ ವೋಲ್ಟ್‌ಮೀಟರ್ 13ರ ಆಸುಪಾಸಿನಲ್ಲೇ ನಿಂತಿರುತ್ತದೆ. ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತದೆ. ಕುಸಿದ ಕೂಡಲೇ ಬ್ಯಾಟರಿಯೊಳಗಿನ ರಕ್ಷಣಾ ಮಂಡಲ ಸಂಪರ್ಕ ಕಡಿದುಹಾಕಿ, ಮೋಟಾರೂ ದೀಪವೂ ಒಂದೇ ಕ್ಷಣದಲ್ಲಿ ಆರಿಹೋಗುತ್ತವೆ. ಹೀಗಾಗಿ ಒಳಹೋದ ಮತ್ತು ಹೊರಬಂದ ಆಂಪಿಯರ್‌ಗಳನ್ನು ಎಣಿಸುವ ಮೀಟರನ್ನೇ ನಂಬಿ, ಮತ್ತು ದೀಪಕ್ಕೆ ಬೇರೆಯದೇ ಚಿಕ್ಕ ಬ್ಯಾಟರಿ ಇಡಿ. ಮುಖ್ಯ ಬ್ಯಾಟರಿಯ ಧನತುದಿಗೆ ತೀರ ಹತ್ತಿರದಲ್ಲೇ ಫ್ಯೂಸ್ ಇರಲಿ.

ಚಾವಣಿಯ ಕೆಳಗಿನ ಎಲ್‌ಇಡಿ ಪಟ್ಟಿಯನ್ನು ದಯವಿಟ್ಟು ಆರಿಸಿಡಿ. ಆ ಬೆಳಕು ನಿಮ್ಮ ಮೊಣಕಾಲು, ಊಟದ ಡಬ್ಬಿ, ದೋಣಿಯ ಅಂಚು ಇವುಗಳನ್ನು ಚೆನ್ನಾಗಿ ತೋರಿಸಿ, ಹತ್ತು ಮಾರು ಆಚೆಯದನ್ನೆಲ್ಲ ಮರೆಮಾಡುತ್ತದೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಸಲ ಟಾರ್ಚ್ ಕಣ್ಣಿಗೆ ಬಿದ್ದರೆ ಆ ಕಾಯುವಿಕೆ ಮತ್ತೆ ಮೊದಲಿನಿಂದ. ಮೀಟರ್ ನೋಡಲು ಮಂದ ಕೆಂಪು ದೀಪ ಸಾಕು. ಇತರರಿಗೆ ನೀವು ಕಾಣಿಸಲು ಬೇಕಾದದ್ದು ಸುತ್ತಲೂ ಕಾಣುವ ಒಂದು ಬಿಳಿ ದೀಪ. ಅದನ್ನು ಚಾವಣಿಗಿಂತ ಮೇಲೆ, ಕೋಲಿನ ತುದಿಯಲ್ಲಿ ನಿಲ್ಲಿಸಬೇಕು. ಇಲ್ಲದಿದ್ದರೆ ಫಲಕಗಳೇ ಅದಕ್ಕೆ ಅಡ್ಡಬರುತ್ತವೆ. 1972ರ ಅಂತರರಾಷ್ಟ್ರೀಯ ಸಮುದ್ರ ನಿಯಮಗಳು 7 ಮೀಟರಿಗಿಂತ ಚಿಕ್ಕದಾದ, ಗಂಟೆಗೆ 13 ಕಿಲೋಮೀಟರ್ ಮೀರದ ಯಂತ್ರದೋಣಿಗೆ ಇಷ್ಟನ್ನು ಕಡ್ಡಾಯ ಮಾಡಿ, ಸಾಧ್ಯವಾದರೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪವನ್ನೂ ಇಡಬೇಕೆನ್ನುತ್ತವೆ. ಅವು ಕೆರೆಗಾಗಿ ಬರೆದವಲ್ಲ, ಆದರೂ ಅನುಸರಿಸಲು ಅದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

ನಿಮ್ಮ ದೋಣಿಯ ನಿಜವಾದ ಅಪಾಯ ಅದರ ಮೌನ. ಸಂಜೆ ಬಲೆ ಬಿಟ್ಟು ನಸುಕಿನಲ್ಲಿ ಎತ್ತುವ ಮೀನುಗಾರರ ಹರಿಗೋಲಿನಲ್ಲಿ ದೀಪ ಇರುವುದಿಲ್ಲ; ಡೀಸೆಲ್ ಯಂತ್ರದ ಸದ್ದಾದರೆ ಅವರು ಟಾರ್ಚ್ ಬೀಸುತ್ತಾರೆ, ನಿಮ್ಮ ಮೋಟಾರಿನ ಸದ್ದು ಅವರ ಕಿವಿಗೇ ಬೀಳದು. ಹಾಗಾಗಿ ಹಗಲಿನಲ್ಲೇ ಅವರನ್ನು ಕಂಡು, ಬಲೆಯ ಸಾಲು ಎಲ್ಲಿದೆ ಎಂದು ಕೇಳಿಕೊಳ್ಳಿ. ತೇಲುವ ಥರ್ಮಾಕೋಲ್ ತುಂಡುಗಳು, ಖಾಲಿ ನೀರಿನ ಬಾಟಲಿಗಳು ರಾತ್ರಿ ಕಾಣುವುದಿಲ್ಲ. ನನ್ನದೇ ಪ್ರೊಪೆಲ್ಲರ್ ಒಮ್ಮೆ ನೈಲಾನ್ ಬಲೆಯನ್ನು ಮುಷ್ಟಿಗಾತ್ರದ ಉಂಡೆಯಾಗಿ ಸುತ್ತಿಕೊಂಡಿತ್ತು. ಸ್ವಿಚ್ ಆರಿಸಿ, ಬ್ಯಾಟರಿಯ ತಂತಿ ಬಿಡಿಸಿ, ಮೋಟಾರನ್ನು ಮೇಲೆತ್ತಿದ ಮೇಲೆಯೇ ಚಾಕು ಹಿಡಿದೆ. ಬಲೆಯ ಬೆಲೆಯನ್ನು ಬೆಳಗ್ಗೆ ದಡದಲ್ಲಿ ಕೊಟ್ಟೆ, ಬೈಗುಳವನ್ನೂ ಕೇಳಿದೆ.

ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಸೀಟಿ ಸಮೇತ ಮೈಮೇಲಿರಲಿ. ಒಬ್ಬರೇ ಹೋಗಬೇಡಿ. ಬಿದ್ದವರನ್ನು ಬಿಟ್ಟು ದೋಣಿ ಸದ್ದಿಲ್ಲದೆ ಮುಂದೆ ಸಾಗದಂತೆ, ಮೋಟಾರ್ ನಿಲ್ಲಿಸುವ ಹಗ್ಗದ ಕೀಲಿಯನ್ನು ಚಾಲಕನ ಮಣಿಕಟ್ಟಿಗೆ ಕಟ್ಟಿ. ಎರಡು ಹುಟ್ಟು ಇಟ್ಟುಕೊಳ್ಳಿ. ಹಗಲಿಗೆ ಸಿಕ್ಕ ಅನುಮತಿ ರಾತ್ರಿಗೂ ಅನ್ವಯಿಸುತ್ತದೆಂದು ತಿಳಿಯಬೇಡಿ, ಅದನ್ನು ಬರಹದಲ್ಲೇ ಕೇಳಿ ಪಡೆಯಿರಿ. ಹೊಗೆಯಿಲ್ಲದಿದ್ದರೂ ಇದು ಯಂತ್ರಚಾಲಿತ ದೋಣಿಯೇ.

ಪ್ರಶ್ನೆ: ಹಿರಿಯೂರಿನ ಕಡೆಯವರು ನಾವು. ವಾಣಿವಿಲಾಸ ಸಾಗರದ ಹಿನ್ನೀರಿನ ಅಂಚಿನಲ್ಲಿ ಜಾಲಿ ಮರಗಳ ತುದಿಗಳು ನೀರಿನ ಮಟ್ಟದಲ್ಲೇ ಅಡಗಿವೆ. ಪ್ರಖರವಾದ ಹೆಡ್‌ಲೈಟ್ ಹಾಕಿದರೆ ಸಾಕಾಗುವುದಿಲ್ಲವೇ?

ಉತ್ತರ: ಸಾಕಾಗದು. ನೀರಿನ ಮೇಲೆ ಓರೆಯಾಗಿ ಬೀಳುವ ಬೆಳಕಿನ ಬಹುಪಾಲು ಮುಂದಕ್ಕೆ ಜಾರಿಹೋಗುವುದರಿಂದ, ನೀರಿನ ಒಂದು ಗೇಣು ಕೆಳಗಿರುವ ಕೊಂಬೆ ಕಾಣುವುದಿಲ್ಲ. ಮಂಜಿದ್ದರಂತೂ ಎದುರಿಗೆ ಬಿಳಿ ಗೋಡೆಯೇ ನಿಲ್ಲುತ್ತದೆ. 1933ರಲ್ಲಿ ಮೊದಲ ಬಾರಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ತುಂಬಿ ಹರಿದದ್ದು 89 ವರ್ಷಗಳ ನಂತರ, 2022ರಲ್ಲಿ. ನೀರಿನ ಮಟ್ಟ ಇಷ್ಟು ಏರಿಳಿಯುವ ಕಡೆ ಹೋದ ವರ್ಷದ ನೆನಪು ಈ ವರ್ಷ ಕೆಲಸಕ್ಕೆ ಬಾರದು. ಹಗಲಿನಲ್ಲಿ ಹೋದ ದಾರಿಯನ್ನು ಮೊಬೈಲಿನ ಜಿಪಿಎಸ್‌ನಲ್ಲಿ ದಾಖಲಿಸಿಕೊಂಡು ಅದೇ ವಾರದ ರಾತ್ರಿ ಅದೇ ಗೆರೆಯ ಮೇಲೆ ಸಾಗಿ; ಅಂಚು ಸಮೀಪಿಸಿದಾಗ ಮೋಟಾರನ್ನು ಎತ್ತಿ, ಹುಟ್ಟಿನಿಂದಲೇ ದಡ ಸೇರಿ.